ಒಂದೊಂದಾಗಿ ನೋಡಿದರೆ ಎಲ್ಲವೂ ಸರಿಯೇ

ನಾನು ಸರ್ಕಾರಿ ಬ್ಯಾಂಕ್ ಒಂದರಲ್ಲಿ ಕೆಲಸ ಮಾಡುತ್ತೇನೆ. ಪ್ರಮೋಷನ್ ಸುತ್ತೋಲೆ ಬಂದ ದಿನ ನಮ್ಮ ಶಾಖೆಯಲ್ಲಿ ಊಟದ ಹೊತ್ತಿಗೆ ಅದೇ ಮಾತು. ಗಂಡಸರು ಎಷ್ಟು ಹುದ್ದೆ ಇವೆ, ಪರೀಕ್ಷೆ ಯಾವಾಗ, ಸಂದರ್ಶನಕ್ಕೆ ಯಾರು ಬರಬಹುದು ಅಂತ ಮಾತಾಡುತ್ತಾರೆ. ಹೆಂಗಸರ ಮಾತು ಬೇರೆ. "ಈ ವರ್ಷ ಬೇಡ ಮೇಡಂ, ಮಗಳದ್ದು ಎಸ್ಸೆಸ್ಸೆಲ್ಸಿ." "ಅತ್ತೆಗೆ ಮಂಡಿ ಆಪರೇಷನ್ ಇದೆ, ಮುಂದಿನ ಸಲ ನೋಡೋಣ." "ನಮ್ಮ ಯಜಮಾನ್ರಿಗೆ ಈಗ ತಾನೇ ಹೊಸ ಪ್ರಾಜೆಕ್ಟ್ ಬಂದಿದೆ."

ಇವರಲ್ಲಿ ಸಾಲದ ಫೈಲನ್ನು ಒಮ್ಮೆ ತಿರುವಿ ಹಾಕಿ ಯಾವ ಕಾಗದ ಕಡಿಮೆ ಇದೆ ಅಂತ ಹೇಳಬಲ್ಲವರಿದ್ದಾರೆ. ಹೊಸ ಮ್ಯಾನೇಜರ್ ಬಂದರೆ ಮೊದಲ ತಿಂಗಳು ಇವರನ್ನೇ ಕೇಳಿಕೊಂಡು ಶಾಖೆ ನಡೆಸುತ್ತಾರೆ. ಆ ಮ್ಯಾನೇಜರ್ ಕುರ್ಚಿಗೆ ಮಾತ್ರ ಇವರು ಅರ್ಜಿ ಹಾಕುವುದಿಲ್ಲ. ಯಾಕೆಂದರೆ ನಮ್ಮಲ್ಲಿ ಪ್ರಮೋಷನ್ ಅಂದರೆ ಹೆಚ್ಚೂಕಡಿಮೆ ವರ್ಗಾವಣೆ. ಬೇರೆ ಜಿಲ್ಲೆ ಆಗಬಹುದು, ಬೇರೆ ರಾಜ್ಯವೂ ಆಗಬಹುದು.

ಯಾರನ್ನೇ ಕೇಳಿ, ಬೇಡ ಅನ್ನುವುದಕ್ಕೆ ಒಳ್ಳೆಯ ಕಾರಣವೇ ಇರುತ್ತದೆ. ಯಾರೂ ಸುಳ್ಳು ಹೇಳುತ್ತಿಲ್ಲ. ಯಾರ ಗಂಡನೂ ಬೇಡ ಅಂತ ಗದರಿಸಿಲ್ಲ. ಗಂಡ ಹೆಂಡತಿ ಇಬ್ಬರೂ ಕೂತು, ಯೋಚಿಸಿ, ಮನೆಗೆ ಯಾವುದು ಒಳ್ಳೆಯದು ಅಂತ ತೀರ್ಮಾನ ಮಾಡಿರುತ್ತಾರೆ. ಒಂದೊಂದು ಮನೆಯ ತೀರ್ಮಾನವೂ ಸರಿಯಾಗಿಯೇ ಕಾಣುತ್ತದೆ. ಆದರೆ ಬಿಟ್ಟುಕೊಟ್ಟವರ ಹೆಸರನ್ನೆಲ್ಲ ಒಂದು ಹಾಳೆಯಲ್ಲಿ ಬರೆದರೆ ಅದರಲ್ಲಿ ಗಂಡಸರ ಹೆಸರು ಹುಡುಕಬೇಕಾಗುತ್ತದೆ.

ಇಬ್ಬರೂ ದುಡಿಯುವ ಮನೆಗಳಲ್ಲಿ ನ್ಯಾಯದ ಮಾತು ಬಂದಾಗ ನಾವು ಪಾತ್ರೆ ಯಾರು ತೊಳೆದರು, ತರಕಾರಿ ಯಾರು ತಂದರು ಅನ್ನುವಲ್ಲೇ ನಿಂತುಬಿಡುತ್ತೇವೆ. ಅದೂ ಬೇಕು. ಆದರೆ ದೊಡ್ಡ ಅನ್ಯಾಯ ಆಗುವುದು ಸಿಂಕಿನ ಮುಂದೆ ಅಲ್ಲ ಅಂತ ನನ್ನ ನಂಬಿಕೆ. ಅದು ಆಗುವುದು ಕೆಲವೇ ಕೆಲವು ದೊಡ್ಡ ತೀರ್ಮಾನಗಳಲ್ಲಿ. ಆ ಹೊತ್ತಿಗೆ ಅದು ಅನ್ಯಾಯದ ಹಾಗೆ ಕಾಣುವುದೂ ಇಲ್ಲ.

ನಮ್ಮ ಮನೆಯ ಕಥೆಯನ್ನೇ ಹೇಳುತ್ತೇನೆ. ಇವರು, ಅಂದರೆ ನನ್ನ ಗಂಡ, ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿದ್ದಾರೆ. ನಾನು ಮೊದಲ ಸಲ ಪ್ರಮೋಷನ್ ಬಿಟ್ಟಾಗ ಮಗಳಿನ್ನೂ ಎದೆಹಾಲು ಕುಡಿಯುತ್ತಿದ್ದಳು. ಇವರ ಸಂಬಳ ಆಗ ನನ್ನದಕ್ಕಿಂತ ಸುಮಾರು ಒಂದೂವರೆ ಪಟ್ಟು. ಯಾರ ಕೆಲಸಕ್ಕೆ ತೊಂದರೆ ಆಗಬಾರದು ಅನ್ನುವ ಪ್ರಶ್ನೆಗೆ ಉತ್ತರ ಹುಡುಕುವ ಅಗತ್ಯವೇ ಬರಲಿಲ್ಲ. ಎರಡನೇ ಸಲ ಅವಕಾಶ ಬಂದಾಗ ಮಗನಿದ್ದ, ಅವನಿಗೆ ಪದೇಪದೇ ಉಬ್ಬಸ ಬರುತ್ತಿತ್ತು. ಅಷ್ಟು ಹೊತ್ತಿಗೆ ಇವರ ಸಂಬಳ ನನ್ನದರ ಎರಡು ಪಟ್ಟು ದಾಟಿತ್ತು. ಆಗಲೂ ಚರ್ಚೆ ಬೇಗ ಮುಗಿಯಿತು.

ಆ ಎರಡು ತೀರ್ಮಾನಗಳಲ್ಲಿ ಒಂದನ್ನೂ ನಾನು ಈಗಲೂ ತಪ್ಪು ಅನ್ನುವುದಿಲ್ಲ. ಆದರೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಮೊದಲ ಸಲ ಸಂಬಳ ಕಡಿಮೆ ಅಂತ ನಾನು ಬಿಟ್ಟುಕೊಟ್ಟೆ. ಬಿಟ್ಟುಕೊಟ್ಟಿದ್ದರಿಂದ ಸಂಬಳ ಅಲ್ಲೇ ಉಳಿಯಿತು. ನಾನು ಮನೆಯಲ್ಲಿದ್ದುದರಿಂದ ಇವರು ರಾತ್ರಿ ಹತ್ತರವರೆಗೆ ಆಫೀಸಿನಲ್ಲಿ ಇರಲು ಸಾಧ್ಯವಾಯಿತು, ಇವರ ಸಂಬಳ ಏರಿತು. ಎರಡನೇ ಸಲ ನಾನು ಬಿಟ್ಟುಕೊಡಲು ಆ ಏರಿದ ಸಂಬಳವೇ ಕಾರಣವಾಯಿತು. ಬ್ಯಾಂಕಿನ ಕೆಲಸ ಮಾಡುವ ನನಗೆ ಇದು ಚಕ್ರಬಡ್ಡಿಯ ಹಾಗೆಯೇ ಕಾಣುತ್ತದೆ. ಮೊದಲ ವರ್ಷದ ವ್ಯತ್ಯಾಸ ಚಿಕ್ಕದು. ಹದಿನೈದು ವರ್ಷ ಬಿಟ್ಟು ನೋಡಿದರೆ ಅದೇ ಸಾಲ ಅಂತ ಗುರುತೇ ಸಿಗುವುದಿಲ್ಲ.

2023ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಕ್ಲೌಡಿಯಾ ಗೋಲ್ಡಿನ್ ಇದನ್ನೇ ಅಮೆರಿಕದ ಎರಡು ಶತಮಾನದ ದಾಖಲೆ ಇಟ್ಟುಕೊಂಡು ತೋರಿಸಿದವರು. ಅವರು ಹೇಳುವುದು ಹೀಗೆ. ಒಂದೇ ಓದು, ಒಂದೇ ಕೆಲಸ ಇರುವ ಗಂಡು ಹೆಣ್ಣಿನ ಸಂಬಳದಲ್ಲೂ ಮೊದಲ ಮಗುವಾದ ಮೇಲೆ ಅಂತರ ಬೀಳುತ್ತದೆ. ಕೆಲವು ಕೆಲಸಗಳಿಗೆ ಹೊಟ್ಟೆಬಾಕತನ ಇರುತ್ತದೆ. ರಾತ್ರಿ ಕರೆದರೂ ಬೇಕು, ಭಾನುವಾರ ಕರೆದರೂ ಬೇಕು. ಹಾಗೆ ಸಿಗುವವರಿಗೆ ಆ ಕೆಲಸ ಲೆಕ್ಕಕ್ಕಿಂತ ಜಾಸ್ತಿ ಹಣ ಕೊಡುತ್ತದೆ. ಮಕ್ಕಳಿರುವ ಮನೆಯಲ್ಲಿ ಇಬ್ಬರೂ ಹಾಗೆ ಸಿಗುವುದು ಸಾಧ್ಯವಿಲ್ಲ. ಮನೆ ಕರೆದಾಗಲೂ ಒಬ್ಬರು ಸಿಗಬೇಕಲ್ಲ? ಒಬ್ಬರು ಆಫೀಸಿಗೆ ಸಿಗುವವರಾಗುತ್ತಾರೆ, ಇನ್ನೊಬ್ಬರು ಮನೆಗೆ ಸಿಗುವವರಾಗುತ್ತಾರೆ. ಎರಡನೆಯವರು ಯಾರು ಅಂತ ನಾನು ಹೇಳಬೇಕಿಲ್ಲ.

ಬೆಂಗಳೂರಿನ ಐಟಿ ಮನೆಗಳಿಗೆ ಈ ಮಾತು ಅಳತೆ ತೆಗೆದು ಹೊಲಿಸಿದಷ್ಟು ಸರಿಯಾಗಿ ಹೊಂದುತ್ತದೆ. ಅಮೆರಿಕದ ಕ್ಲೈಂಟ್ ಕಾಲ್ ಬರುವುದು ಸಂಜೆ ಆರೂವರೆಯ ಮೇಲೆ. ಮಕ್ಕಳ ಹೋಂವರ್ಕ್, ರಾತ್ರಿಯ ಅಡುಗೆ, ನಾಳೆಗೆ ಅಕ್ಕಿ ಉದ್ದು ನೆನೆಹಾಕುವುದು, ಯೂನಿಫಾರಂ ಇಸ್ತ್ರಿಗೆ ಕೊಡುವುದು ಎಲ್ಲ ಬೀಳುವುದೂ ಅದೇ ಹೊತ್ತಿಗೆ. ಆ ಎರಡು ಗಂಟೆ ಯಾರದ್ದು ಅನ್ನುವುದೇ ಎಷ್ಟೋ ಮನೆಗಳ ಜಗಳ.

ದೇಶದ ಲೆಕ್ಕವನ್ನೂ ಒಮ್ಮೆ ನೋಡೋಣ. ನಮ್ಮ ಸಮಯವನ್ನು ಹೇಗೆ ಕಳೆಯುತ್ತೇವೆ ಅಂತ ಕೇಂದ್ರ ಸರ್ಕಾರ 2019ರಲ್ಲಿ ಒಂದು ಸಮೀಕ್ಷೆ ಮಾಡಿಸಿತು. ಸಂಬಳವಿಲ್ಲದ ಮನೆಗೆಲಸಕ್ಕೆ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಾರೆ, ಗಂಡಸರು 97 ನಿಮಿಷ. ಅದೂ ಮನೆಗೆಲಸ ಮಾಡುವ ಗಂಡಸರ ಲೆಕ್ಕ ಮಾತ್ರ. ಹಾಗೆ ಮಾಡುವವರು ನೂರಕ್ಕೆ 26 ಮಂದಿ ಅಷ್ಟೇ. ಹೆಂಗಸರಲ್ಲಿ 81. ಮತ್ತೆ 2024ರಲ್ಲಿ ಸಮೀಕ್ಷೆ ನಡೆಯಿತು. ಹೆಂಗಸರದ್ದು 289 ನಿಮಿಷಕ್ಕೆ ಇಳಿದಿತ್ತು. ಗಂಡಸರದ್ದೂ 88ಕ್ಕೆ ಇಳಿದಿತ್ತು! ಹೆಂಗಸರಿಗೆ ಉಳಿದ ಆ ಹತ್ತು ನಿಮಿಷ ಗಂಡಸರು ಹೊತ್ತಿದ್ದರಿಂದ ಬಂದದ್ದಲ್ಲ ಅಂತ ನನಗೆ ಅನ್ನಿಸುತ್ತದೆ. ವಾಷಿಂಗ್ ಮೆಷಿನ್ನು, ನಲ್ಲಿ ನೀರು, ಅಂಗಡಿಯ ದೋಸೆ ಹಿಟ್ಟು ಉಳಿಸಿಕೊಟ್ಟ ನಿಮಿಷಗಳಿರಬೇಕು.

2021ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದೇ 299 ಮತ್ತು 97ನ್ನು ತನ್ನ ತೀರ್ಪಿನಲ್ಲಿ ಎತ್ತಿ ಹೇಳಿತು. ದೆಹಲಿಯಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡ ದಂಪತಿಯ ಪರಿಹಾರದ ಪ್ರಕರಣ ಅದು. ಹೆಂಡತಿ ಮನೆಯಲ್ಲೇ ಇದ್ದವರು. ಅವರ ದುಡಿಮೆಗೆ ಎಷ್ಟು ಬೆಲೆ ಕಟ್ಟುವುದು ಅನ್ನುವ ಪ್ರಶ್ನೆ ಬಂದಾಗ, ಮನೆಗೆಲಸಕ್ಕೆ ಬೆಲೆಯಿಲ್ಲ ಅನ್ನುವ ಭಾವನೆಯನ್ನು ಬಿಡಬೇಕು ಅಂತ ನ್ಯಾಯಾಲಯ ಹೇಳಿತು. ಇಬ್ಬರೂ ಕೆಲಸದಲ್ಲಿದ್ದ ದಂಪತಿಯ ಪ್ರಕರಣ 2023ರಲ್ಲಿ ಬಾಂಬೆ ಹೈಕೋರ್ಟಿಗೆ ಬಂದಿತ್ತು. ಹೆಂಡತಿ ಮನೆಗೆಲಸ ಮಾಡುವುದಿಲ್ಲ ಅನ್ನುವುದೂ ವಿಚ್ಛೇದನ ಕೇಳಿದ ಗಂಡನ ದೂರುಗಳಲ್ಲಿ ಒಂದು. ಮನೆಯ ಹೊಣೆಯನ್ನು ಇಬ್ಬರೂ ಸಮನಾಗಿ ಹೊರಬೇಕು, ಹೆಂಡತಿಯೇ ಎಲ್ಲ ಮಾಡಲಿ ಅನ್ನುವುದು ಹಿಂದುಳಿದ ಯೋಚನೆ ಅಂತ ನ್ಯಾಯಾಲಯ ಹೇಳಿ ಕಳಿಸಿತು. ಓದಿದಾಗ ನನಗೆ ಸಂತೋಷವಾಯಿತು. ಆದರೆ ಕೋರ್ಟು ನಮ್ಮ ಅಡುಗೆಮನೆಗೆ ಬರುವುದಿಲ್ಲ. ಬರಬೇಕಾಗಿಯೂ ಇಲ್ಲ.

ಸಮೀಕ್ಷೆಗೆ ಸಿಗದ ಇನ್ನೊಂದು ಕೆಲಸವಿದೆ. ಕೈಯಲ್ಲಿ ಮಾಡುವುದಲ್ಲ, ತಲೆಯಲ್ಲಿ ಮಾಡುವುದು.

ಮುಯ್ಯಿಯ ಲೆಕ್ಕವನ್ನೇ ತೆಗೆದುಕೊಳ್ಳಿ. ನಮ್ಮ ಮನೆಯ ಗೃಹಪ್ರವೇಶಕ್ಕೆ ಯಾರು ಏನು ಕೊಟ್ಟರು, ಅವರ ಮನೆಯ ಮದುವೆಗೆ ನಾವೇನು ಕೊಡಬೇಕು, ಸೀರೆ ಕೊಟ್ಟವರಿಗೆ ಸೀರೆಯೇ ಆಗಬೇಕಾ, ಕವರ್ ಸಾಕಾ, ನಾಮಕರಣಕ್ಕೆ ಹೋಗಲು ಆಗದಿದ್ದರೆ ಯಾವಾಗ ಫೋನ್ ಮಾಡಬೇಕು. ಇದೆಲ್ಲ ನೆನಪಿಟ್ಟುಕೊಳ್ಳುವುದು ಯಾರು? ನನಗೆ ಗೊತ್ತಿರುವ ಬಹುತೇಕ ಮನೆಗಳಲ್ಲಿ ಹೆಂಡತಿ. ಗಂಡನ ಕಡೆಯ ನೆಂಟರದ್ದನ್ನೂ ಅವಳೇ. ಮರೆತರೆ ಮಾತು ಕೇಳುವವಳೂ ಅವಳೇ. "ಬ್ಯಾಂಕಿನಲ್ಲಿದ್ದಾಳಂತೆ, ನಮ್ಮದೆಲ್ಲ ಎಲ್ಲಿ ನೆನಪಿರುತ್ತೆ" ಅನ್ನುತ್ತಾರೆ. ಗಂಡನ ಅಣ್ಣನ ಮಗನ ವಿಷಯಕ್ಕೇ ಆದರೂ ಗಂಡನನ್ನು ಯಾರೂ ಹಾಗೆ ಅನ್ನುವುದಿಲ್ಲ.

ಬೆಂಗಳೂರಿನಲ್ಲಿ ಇದರ ಜೊತೆಗೆ ಊರಿನದೇ ಒಂದು ಪಟ್ಟಿ ಇದೆ. ಕಾವೇರಿ ನೀರು ಇವತ್ತು ಬರುತ್ತದಾ, ಸಂಪು ತುಂಬಿತಾ, ಮೋಟರ್ ಆಫ್ ಮಾಡಿದೆವಾ. ಹಸಿ ಕಸ, ಒಣ ಕಸ ಬೇರೆ ಮಾಡಿದ್ದಾಯಿತಾ, ಕಸದ ಗಾಡಿ ಬಂತಾ. ಸಿಲಿಂಡರ್ ಎಷ್ಟು ದಿನ ಬರಬಹುದು. ಇದರಲ್ಲಿ ಯಾವುದೂ ದೊಡ್ಡ ಕೆಲಸವಲ್ಲ. ಮೋಟರ್ ಸ್ವಿಚ್ ಒತ್ತಲು ಎಷ್ಟು ಹೊತ್ತು ಬೇಕು? ಆದರೆ ಇವನ್ನೆಲ್ಲ ತಲೆಯಲ್ಲಿಟ್ಟುಕೊಂಡು ಕೌಂಟರಿನಲ್ಲಿ ಕೂತು ಲಕ್ಷಗಟ್ಟಲೆ ಹಣ ಎಣಿಸುವವಳ ಆಯಾಸ ಎಷ್ಟು ಅಂತ ನಿಮಿಷದಲ್ಲಿ ಅಳೆಯಲು ಬರುವುದಿಲ್ಲ.

ಆಲಿಸನ್ ಡಾಮಿಂಗರ್ ಎಂಬ ಅಮೆರಿಕದ ಸಮಾಜಶಾಸ್ತ್ರಜ್ಞೆ 35 ಜೋಡಿಗಳನ್ನು ಕೂರಿಸಿ ಮಾತಾಡಿಸಿ 2019ರಲ್ಲಿ ಈ ತಲೆಯ ಕೆಲಸದ ಬಗ್ಗೆ ಬರೆದರು. ಅವರು ಇದರಲ್ಲಿ ನಾಲ್ಕು ಹೆಜ್ಜೆ ಗುರುತಿಸಿದರು. ಏನು ಬೇಕಾಗಬಹುದು ಅಂತ ಮುಂಚೆಯೇ ಗಮನಿಸುವುದು. ಏನೇನು ದಾರಿ ಇದೆ ಅಂತ ಹುಡುಕುವುದು. ತೀರ್ಮಾನ ಮಾಡುವುದು. ಆಮೇಲೆ ಅದು ಆಯಿತಾ ಅಂತ ನೋಡುವುದು. ತೀರ್ಮಾನ ಮಾಡುವಾಗ ಗಂಡ ಹೆಂಡತಿ ಇಬ್ಬರೂ ಇರುತ್ತಾರೆ. ಮೊದಲು ಗಮನಿಸುವುದು ಮತ್ತು ಕೊನೆಗೆ ನೋಡುವುದು ಹೆಚ್ಚಾಗಿ ಹೆಂಡತಿಯ ಪಾಲು. ಇದನ್ನು ಓದಿದಾಗ ನನಗೆ ಒಂದು ವಿಷಯ ಅರ್ಥವಾಯಿತು. "ನಾನೂ ಎಲ್ಲದರಲ್ಲೂ ಇದ್ದೀನಲ್ಲ" ಅಂತ ಒಬ್ಬ ಗಂಡ ಹೇಳುವಾಗ ಅವನು ನಿಜವನ್ನೇ ಹೇಳುತ್ತಿರುತ್ತಾನೆ. ತೀರ್ಮಾನದ ಹೊತ್ತಿಗೆ ಅವನು ಅಲ್ಲಿ ಇದ್ದ. ಅದರ ಹಿಂದಿನದೂ ಮುಂದಿನದೂ ಅವನ ಕಣ್ಣಿಗೆ ಬಿದ್ದಿಲ್ಲ ಅಷ್ಟೇ.

ಹೀಗೆ ಎಲ್ಲವೂ ಗೊತ್ತಿರುವವಳು ಹೆಂಡತಿಯೇ ಆಗುವುದು ಹೇಗೆ? ಹುಟ್ಟಿನಿಂದ ಬಂದ ಗುಣ ಅಂತ ಹಿರಿಯರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. 2017ರ ತಿದ್ದುಪಡಿಯಿಂದ ಹೆರಿಗೆ ರಜೆ 12 ವಾರದಿಂದ 26 ವಾರ ಆಯಿತು. ಅದು ಬಹಳ ದೊಡ್ಡ ಹೆಜ್ಜೆ, ಅದಕ್ಕಾಗಿ ಹೋರಾಡಿದವರಿಗೆ ನಾನು ಋಣಿ. ಆದರೆ ಅಪ್ಪನಿಗೆ? ಕೇಂದ್ರ ಸರ್ಕಾರಿ ನೌಕರರಿಗೆ 15 ದಿನ ಇದೆ. ಖಾಸಗಿ ಕಂಪನಿಯಲ್ಲಿ ಅದು ಆ ಕಂಪನಿಯ ಮನಸ್ಸು. ಮಗುವಿನ ಮೊದಲ ಆರು ತಿಂಗಳಲ್ಲಿ ಯಾವ ಅಳುವಿಗೆ ಏನರ್ಥ, ಯಾವ ಲಸಿಕೆ ಯಾವಾಗ, ಯಾವ ಔಷಧಿಗೆ ಮೈಮೇಲೆ ಗುಳ್ಳೆ ಬರುತ್ತದೆ ಅಂತ ಕಲಿಯುವುದು ಅಮ್ಮ ಒಬ್ಬಳೇ. ಅಪ್ಪ ಹದಿನಾರನೇ ದಿನ ಆಫೀಸಿನಲ್ಲಿರುತ್ತಾನೆ. ಆರು ತಿಂಗಳು ಆದ ಮೇಲೆ ಅವಳು ಎಲ್ಲ ಬಲ್ಲವಳು, ಅವನು ಕೇಳಿಕೊಂಡು ಮಾಡುವವನು. ಆಮೇಲೆ ಹದಿನೆಂಟು ವರ್ಷ ಅದೇ ನಡೆಯುತ್ತದೆ.

ಅದೇ ತಿದ್ದುಪಡಿ 50 ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಕಡೆ ಶಿಶುಪಾಲನಾ ಕೇಂದ್ರ ಇರಬೇಕು ಅನ್ನುತ್ತದೆ. ಏಳೆಂಟು ಜನರ ಬ್ಯಾಂಕ್ ಶಾಖೆಗೆ, ಬಟ್ಟೆ ಅಂಗಡಿಗೆ, ಚಿಕ್ಕ ಶಾಲೆಗೆ ಅದರಿಂದ ಏನೂ ಸಿಗಲಿಲ್ಲ. ನರೇಗಾ ಕೆಲಸಕ್ಕೆ ಹೋಗುವ ಹಳ್ಳಿಯ ತಾಯಂದಿರಿಗಾಗಿ ರಾಜ್ಯ ಸರ್ಕಾರ 2023ರಲ್ಲಿ 4,000 ಗ್ರಾಮ ಪಂಚಾಯಿತಿಗಳಲ್ಲಿ 'ಕೂಸಿನ ಮನೆ' ಎಂಬ ಶಿಶುಪಾಲನಾ ಕೇಂದ್ರಗಳನ್ನು ಘೋಷಿಸಿತು. ನಗರದ ಚಿಕ್ಕ ಸಂಬಳದ ಹೆಣ್ಣುಮಕ್ಕಳಿಗೂ ಅಂಥದೊಂದು ಬೇಕು ಅಂತ ನನಗೆ ಬಹಳ ಅನ್ನಿಸುತ್ತದೆ.

ಈಗ ನಮ್ಮ ಮನೆಯ ಮೂರನೇ ಸಲದ ಮಾತು. ಅವಕಾಶ ಮತ್ತೆ ಬಂದಾಗ ನಾನು ಒಂದು ಕೆಲಸ ಮಾಡಿದೆ. ಮನೆಯಲ್ಲಿ ಮಾತು ತೆಗೆಯುವ ಮುಂಚೆ ಲೆಕ್ಕ ಬರೆದೆ. ಆ ತಿಂಗಳ ಸಂಬಳದ ಲೆಕ್ಕ ಅಲ್ಲ, ನಿವೃತ್ತಿಯವರೆಗಿನ ಲೆಕ್ಕ. ಪ್ರಮೋಷನ್ ತೆಗೆದುಕೊಂಡರೆ ಮೂಲ ವೇತನ ಎಷ್ಟಾಗುತ್ತದೆ, ಅದರ ಮೇಲಿನ ತುಟ್ಟಿಭತ್ಯೆ, ಪ್ರತಿ ವರ್ಷದ ಇಂಕ್ರಿಮೆಂಟ್, ಮುಂದಿನ ಸ್ಕೇಲಿಗೆ ಹೋಗುವ ಸಾಧ್ಯತೆ, ಗ್ರಾಚ್ಯುಟಿ, ಪಿಂಚಣಿ ಖಾತೆಗೆ ಸೇರುವ ಹಣ. ತೆಗೆದುಕೊಳ್ಳದಿದ್ದರೆ ಎಷ್ಟು. ಎರಡು ಕಾಲಂ. ಇವರು ಅದನ್ನು ನೋಡಿ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದ್ದು ಒಂದೇ. "ಎರಡು ಸಲ ಬಿಟ್ಟಾಗಲೂ ಇಷ್ಟು ಅಂತರ ಇತ್ತಾ?" ಇತ್ತು. ಆಗ ನಾವಿಬ್ಬರೂ ಮುಂದಿನ ತಿಂಗಳನ್ನು ಮಾತ್ರ ನೋಡುತ್ತಿದ್ದೆವು.

ಅದೇ ವರ್ಷ ಇವರಿಗೆ ಕ್ಲೈಂಟ್ ಇರುವ ಕಡೆಗೇ ಹೋಗಿ ಕೆಲಸ ಮಾಡುವ ಆನ್‌ಸೈಟ್ ಅವಕಾಶ ಬಂದಿತ್ತು. ಇವರು ಅದನ್ನು ಬಿಟ್ಟರು. ನಾನು ಚಿತ್ರದುರ್ಗ ಜಿಲ್ಲೆಯ ಒಂದು ಶಾಖೆಗೆ ಹೋದೆ. ಎರಡನೇ ಮತ್ತು ನಾಲ್ಕನೇ ಶನಿವಾರ ನಮಗೆ ರಜೆ, ಆ ವಾರ ಎರಡು ದಿನ ಮನೆಯಲ್ಲಿ. ಉಳಿದ ವಾರ ಶನಿವಾರ ರಾತ್ರಿ ಬಸ್ಸಿಗೆ ಬಂದು ಭಾನುವಾರ ಸಂಜೆ ವಾಪಸ್. ಸುಮಾರು ಎರಡು ವರ್ಷ ಹೀಗೆ ನಡೆಯಿತು.

ಇವರು ಅಡುಗೆ ಮಾಡಲು ಕಲಿತದ್ದಕ್ಕಿಂತ ಆನ್‌ಸೈಟ್ ಬಿಟ್ಟದ್ದನ್ನು ನಾನು ದೊಡ್ಡದು ಅನ್ನುತ್ತೇನೆ. ಯಾಕೆಂದರೆ ಅದಕ್ಕೆ ಬೆಲೆ ಇತ್ತು. ಮನೆಯಲ್ಲಿ ಪಾತ್ರೆ ತೊಳೆದರೆ ಗಂಡಸಿಗೆ ನಷ್ಟವೇನಿಲ್ಲ, ಹೊಗಳಿಕೆ ಸಿಗುತ್ತದೆ. ಆದರೆ ಸಂಜೆ ಆರೂವರೆಯ ಕಾಲ್‌ಗೆ ಬರಲಾಗುವುದಿಲ್ಲ, ಎಂಟೂವರೆಯ ಮೇಲೆ ಬರುತ್ತೇನೆ ಅಂತ ಆಫೀಸಿನಲ್ಲಿ ಹೇಳಿದರೆ ಅಲ್ಲಿ ಮುಖ ಬದಲಾಗುತ್ತದೆ. ಇವರಿಗೂ ಆಯಿತು. ಆ ವರ್ಷದ ರೇಟಿಂಗ್ ಇಳಿಯಿತು. ಹೆಂಗಸರು ಇಷ್ಟು ವರ್ಷ ಸುಮ್ಮನೆ ಕೊಡುತ್ತಿದ್ದ ಬೆಲೆ ಅದು. ಗಂಡಸು ಅದನ್ನು ಕೊಟ್ಟಾಗ ಮಾತ್ರ ಮನೆಯ ತಕ್ಕಡಿ ಸ್ವಲ್ಪ ಅಲ್ಲಾಡುತ್ತದೆ.

ಕೆಲಸ ಹಂಚಿಕೊಳ್ಳುವ ರೀತಿಯನ್ನೂ ಆಗ ಬದಲಾಯಿಸಿದೆವು. ಇವತ್ತು ನೀನು, ನಾಳೆ ನಾನು ಅನ್ನುವುದನ್ನು ಬಿಟ್ಟೆವು. ಒಂದು ಕೆಲಸ ಒಬ್ಬರದ್ದು ಅಂದರೆ ಅದರ ಬುಡದಿಂದ ತುದಿಯವರೆಗೂ ಅವರದ್ದೇ. ಬೆಳಗಿನ ತಿಂಡಿ ಮತ್ತು ಡಬ್ಬಿ ಇವರದ್ದು ಅಂದ ಮೇಲೆ ರವೆ ಮುಗಿದಿರುವುದನ್ನು ನೋಡುವುದೂ, ಹಿಂದಿನ ರಾತ್ರಿ ನೆನೆಹಾಕುವುದೂ, ಮಗ ಉಪ್ಪಿಟ್ಟು ತಿನ್ನದಿದ್ದರೆ ಬೇರೇನು ಮಾಡುವುದು ಅಂತ ಯೋಚಿಸುವುದೂ ಇವರದ್ದೇ. ಕರೆಂಟ್ ಬಿಲ್, ನೀರಿನ ಬಿಲ್, ಮನೆ ಸಾಲದ ಕಂತು, ತೆರಿಗೆ, ಪ್ಲಂಬರ್‌ನ ಕರೆಸುವುದು ನನ್ನದು. ಚಿತ್ರದುರ್ಗದಿಂದಲೂ ಅದು ನಡೆಯಿತು. ಇವರ ಕಡೆಯ ಮುಯ್ಯಿ ಪುಸ್ತಕ ಇವರಿಗೆ ಹೋಯಿತು. ಮೊದಲ ಸಲ ಇವರೇ ತಮ್ಮ ಚಿಕ್ಕಮ್ಮನಿಗೆ ಫೋನ್ ಮಾಡಿ ಉಡುಗೊರೆಯ ಬಗ್ಗೆ ಕೇಳಿದಾಗ ಆ ಕಡೆಯಿಂದ ಬಂದ ಪ್ರಶ್ನೆ, "ಯಾಕೋ, ಅವಳಿಗೆ ಹುಷಾರಿಲ್ವಾ?"

ಇದರಲ್ಲಿ ಕಷ್ಟ ನನಗೂ ಇತ್ತು. ಇನ್ನೊಬ್ಬರದ್ದು ಅಂದ ಮೇಲೆ ಅವರ ರೀತಿಯಲ್ಲೇ ನಡೆಯಬೇಕು. ಒಗ್ಗರಣೆಗೆ ಮೊದಲು ಸಾಸಿವೆಯಾ ಉದ್ದಿನಬೇಳೆಯಾ ಅಂತ ಹಿಂದೆ ನಿಂತು ಹೇಳುತ್ತಿದ್ದರೆ ಆ ಕೆಲಸ ಮತ್ತೆ ನನ್ನದೇ ಆಗುತ್ತದೆ. ಬಾಯಿ ಮುಚ್ಚಿಕೊಂಡಿರುವುದೂ ಒಂದು ದುಡಿಮೆ ಅಂತ ಆಗ ಅನ್ನಿಸಿತು.

ಮಕ್ಕಳ ಶಾಲೆಯಲ್ಲಿ ಮೊದಲು ಕರೆಯಬೇಕಾದ ನಂಬರ್ ಅಂತ ಇವರ ನಂಬರ್ ಕೊಟ್ಟೆವು. ಮಗನಿಗೆ ಜ್ವರ ಬಂದಾಗ ಶಾಲೆಯವರು ನನಗೇ ಫೋನ್ ಮಾಡಿದರು. ನಾನು ಸುಮಾರು ಇನ್ನೂರು ಕಿಲೋಮೀಟರ್ ದೂರ. ಇವರ ಆಫೀಸು ಶಾಲೆಗೆ ಅರ್ಧ ಗಂಟೆ. "ಅಪ್ಪನಿಗೆ ತೊಂದರೆ ಕೊಡೋದು ಬೇಡ ಅಂತ ಮೇಡಂ" ಅಂದರು. ಇವರು ಆಮೇಲೆ ಶಾಲೆಗೆ ಹೋಗಿ ವಿನಯದಿಂದಲೇ, ಆದರೆ ಖಡಕ್ಕಾಗಿ ಹೇಳಿ ಬಂದರು.

ಇನ್ನು ನೆಂಟರ ಮಾತು. ನಾನು ದೂರದಲ್ಲಿದ್ದಾಗ ಇವರನ್ನು ಎಲ್ಲರೂ "ಪಾಪ" ಅಂದರು. ಇವರು ಮಗನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದರೆ ನನಗೆ "ನೀನು ಪುಣ್ಯ ಮಾಡಿದ್ದೆ" ಅಂದರು. ಅದಕ್ಕೂ ಮುಂಚೆ ಅದೇ ಮಗನನ್ನು ನಾನು ಹತ್ತು ವರ್ಷ ಅದೇ ಡಾಕ್ಟರ ಹತ್ತಿರ ಕರೆದೊಯ್ದಿದ್ದೆ. ಆಗ ಇವರ ಪುಣ್ಯದ ಮಾತು ಯಾರೂ ಎತ್ತಿರಲಿಲ್ಲ. ಇದು ನನಗೆ ನೋವು ಕೊಟ್ಟಿದೆ.

ಆದರೆ ಈ ಎಲ್ಲ ಮಾತಿನಲ್ಲೂ ನಾವಿಬ್ಬರೇ ಇದ್ದೇವೆ ಅನ್ನುವ ಹಾಗೆ ಹೇಳಿದರೆ ಅದು ನಿಜವಲ್ಲ. ಬೆಂಗಳೂರಿನಲ್ಲಿ ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವ ಮನೆಗಳಲ್ಲಿ ಹೆಚ್ಚಿನವು ನಿಂತಿರುವುದು ಬೇರೆ ಹೆಂಗಸರ ದುಡಿಮೆಯ ಮೇಲೆ. ಹೆಂಡತಿಯ ಅಮ್ಮ, ಗಂಡನ ಅಮ್ಮ, ಮನೆಕೆಲಸಕ್ಕೆ ಬರುವವರು.

ನಾನಿಲ್ಲದ ಎರಡು ವರ್ಷ ನಮ್ಮ ಅತ್ತೆ ಊರು ಬಿಟ್ಟು ಬಂದು ಜೊತೆಗಿದ್ದರು. ಎಪ್ಪತ್ತರ ಹತ್ತಿರದ ಜೀವ. ಜೀವನವೆಲ್ಲ ಒಂದು ದೊಡ್ಡ ಮನೆಯ ಅಡುಗೆ ಮಾಡಿ ಮುಗಿಸಿ, ಇನ್ನೇನು ಕೂರುತ್ತೇನೆ ಅನ್ನುವ ಹೊತ್ತಿಗೆ ಮತ್ತೆ ಮೊಮ್ಮಕ್ಕಳ ಕೆಲಸ. ಅವರ ಕೈಗೆ ಅಡುಗೆಮನೆ ಕೊಡಬಾರದು ಅಂತ ಇವರಿಗೆ ಹೇಳಿದ್ದೆ. ಇವರೂ ಹಾಗೇ ನಡೆದುಕೊಂಡರು. ಆದರೂ ಮಗ ಒಲೆಯ ಮುಂದೆ ನಿಂತಿರುವುದನ್ನು ನೋಡಿ ಅವರಿಗೆ ಕೂರಲಾಗುತ್ತಿರಲಿಲ್ಲ. ಅವರನ್ನು ನಾನು ದೂರುವುದಿಲ್ಲ. ಅವರ ಕಾಲದಲ್ಲಿ ಅವರಿಗೆ ಯಾರೂ "ನೀವು ಕೂತ್ಕೊಳ್ಳಿ" ಅಂತ ಹೇಳಿರಲಿಲ್ಲ.

ನಮ್ಮ ಮನೆಗೆ ಬರುವ ಅಕ್ಕ ಬೆಳಗ್ಗೆ ನಾಲ್ಕೂವರೆಗೆ ಎದ್ದು ತಮ್ಮ ಮನೆಯ ಕೆಲಸ ಮುಗಿಸಿ, ಐದು ಮನೆಗಳಲ್ಲಿ ಪಾತ್ರೆ, ಕಸ, ನೆಲ ಮುಗಿಸಿ, ಮಧ್ಯಾಹ್ನ ಮನೆಗೆ ಹೋಗಿ ಮತ್ತೆ ಅದೇ ಕೆಲಸ ಮಾಡುತ್ತಾರೆ. ಅವರ ಗಂಡ ಗಾರೆ ಕೆಲಸದವರು. ಅದೂ ಇಬ್ಬರೂ ದುಡಿಯುವ ಮನೆಯೇ. ನಮ್ಮಂಥವರ ಮನೆಯ ಎಷ್ಟೋ ಜಗಳ ತೀರುವುದು ಗಂಡ ಬದಲಾದ್ದರಿಂದ ಅಲ್ಲ, ಈ ಅಕ್ಕನ ಬೆನ್ನಿನ ಮೇಲೆ. ಮನೆಕೆಲಸದವರಿಗೆ ಕನಿಷ್ಠ ವೇತನ ನಿಗದಿ ಮಾಡಿದ ಮೊದಲ ರಾಜ್ಯಗಳಲ್ಲಿ ನಮ್ಮದೂ ಒಂದು, 2004ರಲ್ಲೇ. ಆದರೆ ನಾಲ್ಕು ಗೋಡೆಯ ಒಳಗೆ ಅದನ್ನು ಯಾರು ನೋಡುತ್ತಾರೆ? ನೋಡಬೇಕಾದವರು ನಾವೇ. ವಾರಕ್ಕೊಂದು ರಜೆ, ಹುಷಾರಿಲ್ಲದಾಗ ಸಂಬಳ ಹಿಡಿಯದೆ ರಜೆ, ವರ್ಷಕ್ಕೊಮ್ಮೆ ಸಂಬಳ ಏರಿಕೆ, ಹಬ್ಬಕ್ಕೆ ಒಂದು ತಿಂಗಳ ಬೋನಸ್. ಬ್ಯಾಂಕಿನಲ್ಲಿ ನನಗೆ ಇದರಲ್ಲಿ ಹೆಚ್ಚಿನದು ಸಿಗುತ್ತದೆ. ಗಂಡನಿಂದ ನ್ಯಾಯ ಕೇಳುವ ನಾನು ಈ ಅಕ್ಕನಿಗೆ ರಜೆ ಕೊಡಲು ಗೊಣಗಿದರೆ ನನ್ನ ಮಾತಿಗೆ ಏನು ತೂಕ?

ಈಗ ನಾವು ನಲವತ್ತರ ನಡುವೆ ಇದ್ದೇವೆ. ಮಕ್ಕಳು ಸ್ವಲ್ಪ ದೊಡ್ಡವರಾದರು. ನಮ್ಮ ವಯಸ್ಸಿನ ಮನೆಗಳಲ್ಲಿ ಈಗ ಹೊಸ ಪ್ರಶ್ನೆ ಬಂದಿದೆ: ವಯಸ್ಸಾದವರು. ಗಂಡನ ಅಪ್ಪನಿಗೆ ಆಪರೇಷನ್ ಆದರೆ ಸೊಸೆ ರಜೆ ಹಾಕುತ್ತಾಳೆ. ಹೆಂಡತಿಯ ಅಮ್ಮನಿಗೆ ಆದರೆ? ಅವಳೇ ರಜೆ ಹಾಕುತ್ತಾಳೆ, ಅದನ್ನೂ ಸ್ವಲ್ಪ ಸಂಕೋಚದಿಂದ ಕೇಳಿಕೊಂಡು. ಇಬ್ಬರೂ ದುಡಿಯುವ ಎಷ್ಟೋ ಮನೆಗಳಲ್ಲಿ ಎರಡೂ ಕಡೆಯ ಆಸ್ಪತ್ರೆ ಒಬ್ಬಳದ್ದೇ.

ನನ್ನ ಅಮ್ಮ ಅರಸೀಕೆರೆಯಲ್ಲಿ ಒಬ್ಬರೇ ಇದ್ದಾರೆ. ಅವರ ಕಣ್ಣಿನ ಪೊರೆಯ ಆಪರೇಷನ್ ಮಾರ್ಚ್ ಕೊನೆಯ ವಾರಕ್ಕೆ ಬಿತ್ತು. ಬ್ಯಾಂಕಿನವರಿಗೆ ಮಾರ್ಚ್ ಕೊನೆ ಅಂದರೆ ರಜೆಯ ಮಾತೇ ಇಲ್ಲ. ನಾನು ದಿನ ಮುಂದಕ್ಕೆ ಹಾಕಿಸೋಣ ಅಂದೆ. ಇವರು, "ಯಾಕೆ ಮುಂದಕ್ಕೆ? ನಾನು ಹೋಗ್ತೀನಿ" ಅಂದರು. ಅಮ್ಮ ಒಪ್ಪಲಿಲ್ಲ. ಅಳಿಯನ ಕೈಲಿ ಸೇವೆ ಮಾಡಿಸಿಕೊಳ್ಳುವುದಾ, ಊರಿನವರು ಏನಂದಾರು ಅಂತ ಫೋನಿನಲ್ಲಿ ಅತ್ತರು. ಅಮ್ಮನ ಮನೆಯಲ್ಲಿ ಅಳಿಯ ಅಂದರೆ ಕಾಲಿಗೆ ನೀರು ಕೊಟ್ಟು, ಎಲೆ ಹಾಕಿ ಬಡಿಸಿಕೊಳ್ಳುವವರು. ಕಾಫಿ ಲೋಟ ತಾನೇ ತೊಳೆದಿಟ್ಟರೂ ಅಮ್ಮ ಕಸಿದುಕೊಳ್ಳುತ್ತಿದ್ದರು.

ಇವರು ಹೋದರು. ಕಣ್ಣಿಗೆ ಹಾಕುವ ಔಷಧಿ ಮೂರು ತರಹದ್ದು. ಒಂದೊಂದಕ್ಕೂ ಬೇರೆ ಹೊತ್ತು. ಗೋಡೆಗೆ ಕಾಗದ ಅಂಟಿಸಿ ಗುರುತು ಹಾಕಿಕೊಂಡರು. ಬಗ್ಗಬಾರದು, ಒಲೆಯ ಮುಂದೆ ನಿಲ್ಲಬಾರದು ಅಂತ ಡಾಕ್ಟರು ಹೇಳಿದ್ದನ್ನು ಅಮ್ಮನಿಗೆ ದಿನವೂ ನೆನಪಿಸಿದರು. ತಿಳಿಸಾರು, ಅನ್ನ, ಬೀನ್ಸ್ ಪಲ್ಯ ಮಾಡಿ ಬಡಿಸಿದರು. ನೋಡಲು ಬಂದ ಅಕ್ಕಪಕ್ಕದವರಿಗೆ ಕಾಫಿಯನ್ನೂ ಕೊಟ್ಟರು. ಅವರಲ್ಲಿ ಒಬ್ಬರು ಅಮ್ಮನನ್ನು, "ಮಗಳು ಬರಲಿಲ್ವಾ?" ಅಂತ ಕೇಳಿದರಂತೆ. ಅಮ್ಮ, "ಅವಳಿಗೆ ಬ್ಯಾಂಕಿದೆ" ಅಂತ ಹೇಳಿದರಂತೆ. ಇಷ್ಟು ವರ್ಷದಲ್ಲಿ ಅಮ್ಮ ನನ್ನ ಕೆಲಸವನ್ನು ಒಂದು ಕಾರಣವಾಗಿ ಯಾರ ಮುಂದೆಯೂ ಹೇಳಿದ್ದು ನಾನು ಕೇಳಿರಲಿಲ್ಲ.

ಇನ್ನೊಂದು ಕಣ್ಣಿನ ಆಪರೇಷನ್ ದೀಪಾವಳಿ ಆದ ಮೇಲೆ. ಯಾವ ದಿನ ಅನುಕೂಲ ಅಂತ ಅಮ್ಮ ಈ ಸಲ ನನ್ನನ್ನು ಕೇಳಲಿಲ್ಲ. ಇವರಿಗೇ ಫೋನ್ ಮಾಡಿದರು. ಡಾಕ್ಟರು ಹೇಳಿರುವ ವಾರದಲ್ಲೇ ಇವರ ಕಂಪನಿಯ ರಿಲೀಸ್ ಇದೆ. ನಾನಿರುವುದಿಲ್ಲ, ಬೇರೆಯವರನ್ನು ನೋಡಿಕೊಳ್ಳಿ ಅಂತ ಇವರು ಆಫೀಸಿನಲ್ಲಿ ಈಗಲೇ ಹೇಳಿದ್ದಾರೆ.